ಅಂಗಿಗಳು ಕುಡಿದ ನೀರು

ಇಸ್ತ್ರಿ ಅಂಗಡಿಯವರನ್ನು ಇಡೀ ಬೀದಿ ಗರಿಗರಿ ಮಾವ ಎಂದು ಕರೆಯುತ್ತಿತ್ತು. ಅವರ ಕೈ ದಾಟಿ ಬಂದ ಅಂಗಿ ಹಾಗಿರುತ್ತಿತ್ತು, ಮಾತೂ ಹಾಗೆಯೇ. ತಲೆಯ ಮೇಲೆ ಕಾದ ತಗಡು, ಕೈಯಲ್ಲಿ ಕೆಂಡ ತುಂಬಿದ ಪೆಟ್ಟಿಗೆ. ಅದರ ನಡುವೆ ನಿಂತೇ ದಾರಿಹೋಕರಿಗೆಲ್ಲ ಪುಕ್ಕಟೆ ಉಪದೇಶ.

"ತಲೆ ಮೇಲೆ ಬಟ್ಟೆ ಹಾಕ್ಕೊಳ್ಳಮ್ಮ. ನೀರು ಕುಡೀರಿ ಸ್ವಾಮಿ, ಬಾಯಾರೋ ತನಕ ಕಾಯ್ಬೇಡಿ."

"ನೀವು ಕುಡಿದ್ರಾ ಮಾವ?" ಎಂದರೆ, "ಕೆಂಡದ ಜೊತೆ ಸಂಸಾರ ಮಾಡಿದವನಿಗೆ ಬಿಸಿಲು ಯಾವ ಲೆಕ್ಕ?" ಎನ್ನುತ್ತಿದ್ದರು. ಈ ಸಂಸಾರದ ಮಾತು ಹೆಂಡತಿಯ ಕಿವಿಗೆ ಬೀಳದಂತೆ ಮಾತ್ರ ನೋಡಿಕೊಳ್ಳುತ್ತಿದ್ದರು.

ಆ ಹೆಂಡತಿ ಬೇಸಿಗೆ ಶುರುವಾದಾಗಿನಿಂದ ದಿನಾ ದೊಡ್ಡ ಬಾಟಲಿ ತುಂಬಾ ನೀರು ಕಟ್ಟಿಕೊಡುತ್ತಿದ್ದರು. ಸಂಜೆ ಅದು ಖಾಲಿಯಾಗಿ ಬರುತ್ತಿತ್ತು.

"ಎಲ್ಲಾ ಮುಗೀತೇನ್ರೀ?"

"ಒಂದು ಹನಿ ಉಳಿಸಿಲ್ಲ ನೋಡು."

ಸುಳ್ಳೇನಲ್ಲ. ಬೀದಿಯ ನಲ್ಲಿ ಮಧ್ಯಾಹ್ನದ ಹೊತ್ತಿಗೆ ನಿಂತುಹೋಗುತ್ತಿತ್ತು, ಹತ್ತಿ ಬಟ್ಟೆಯೋ ನೀರು ಚಿಮುಕಿಸದೆ ಮಾತು ಕೇಳುವುದಿಲ್ಲ. ಮೇಲಾಗಿ, ಕುಡಿದರೆ ಹೋಗಬೇಕು. ಶೌಚಾಲಯ ಮಾರುಕಟ್ಟೆಯ ಆಚೆ ತುದಿಯಲ್ಲಿ. ಊರವರ ಬಟ್ಟೆ, ಉರಿಯುವ ಕೆಂಡ, ಇವನ್ನು ಯಾರಿಗೆ ಒಪ್ಪಿಸಿ ಹೋಗುವುದು? ಹಾಗಾಗಿ ಬಾಟಲಿಯನ್ನು ಅಂಗಿಗಳೇ ಖಾಲಿ ಮಾಡುತ್ತಿದ್ದವು.

ಒಂದು ಮಧ್ಯಾಹ್ನ ಬಿಳಿ ಅಂಗಿಯ ಕಾಲರಿಗೆ ಬರುವಷ್ಟರಲ್ಲಿ ಮಾವನಿಗೆ ಕಣ್ಣು ಕತ್ತಲೆ ಬಂತು. ಪೆಟ್ಟಿಗೆಯನ್ನು ಅದರ ಕಲ್ಲಿನ ಮೇಲೆ ಸರಿಯಾಗಿ ಇಟ್ಟೇ ಕುಸಿದರು. ಕಸುಬಿನ ಗತ್ತು ಅಲ್ಲೂ ಬಿಡಲಿಲ್ಲ. ಪಕ್ಕದಂಗಡಿಯ ಟೈಲರ್ ಅಕ್ಕ ಓಡಿಬಂದು ಅವರನ್ನು ನೆರಳಿಗೆ ಎಳೆದು, ಕಾಲು ಎತ್ತರಕ್ಕಿಟ್ಟು, ಕತ್ತಿಗೆ ಒದ್ದೆ ಬಟ್ಟೆ ಹಾಕಿ, ಮನೆಗೆ ಫೋನ್ ಮಾಡಿದರು. ಹೆಂಡತಿ ಬರುವಷ್ಟರಲ್ಲಿ ಮಾವ ಎದ್ದು ಕೂತು ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದರು.

"ದಿನಾ ಬಾಟಲಿ ಪೂರ್ತಿ ಕುಡೀತಾರೆ, ಆದ್ರೂ ಹೀಗ್ಯಾಕಾಯ್ತು?"

"ಅಣ್ಣ ಎಲ್ಲಿ ಕುಡೀತಾರೆ ಅತ್ತಿಗೆ? ಕುಡಿಯೋದೆಲ್ಲ ಅಂಗಿಗಳು," ಎಂದು ಟೈಲರ್ ಅಕ್ಕ ಗುಟ್ಟು ಬಿಟ್ಟುಕೊಟ್ಟರು.

ಹೆಂಡತಿ ಬೈಯಲಿಲ್ಲ. ಮಾವನಿಗೆ ಅದರಿಂದಲೇ ಹೆಚ್ಚು ಭಯವಾಯಿತು. ಮನೆಗೆ ಬಂದ ಮೇಲೆ, ಕಣ್ಣೊರೆಸಿಕೊಳ್ಳುತ್ತ ಆಕೆ ಕೇಳಿದ್ದು ಇಷ್ಟೇ: "ಅಂಗಿಗಳಿಗೆ ನೀವಿಲ್ದಿದ್ರೆ ಇನ್ನೊಬ್ರು ಸಿಕ್ತಾರೆ. ನನಗೆ?"



ಎರಡು ದಿನ ಸುಧಾರಿಸಿಕೊಂಡು ಅಂಗಡಿಗೆ ಬಂದವರು ಅಭ್ಯಾಸಬಲದಿಂದ ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡರು. ಕೈ ಅಂಟಂಟಾಯಿತು. ಮೂಸಿ ನೋಡಿದರೆ ನಿಂಬೆಹಣ್ಣಿನ ಪಾನಕ! ಸಕ್ಕರೆ ನೀರು ಬಿದ್ದ ಬಟ್ಟೆಗೆ ಬಿಸಿ ಪೆಟ್ಟಿಗೆ ತಾಗಿದರೆ ಆಗುವ ಕಲೆ ಎಂಥದೆಂದು ಅವರಿಗಿಂತ ಬಲ್ಲವರಾರು?

"ಬಟ್ಟೆಗೆ ಬೇಕಾದ ನೀರು ನನ್ನ ಅಂಗಡಿಯ ಕೊಡದಲ್ಲಿದೆ, ಬಾಟಲಿಯದು ಕುಡಿಯೋಕೆ," ಎಂದರು ಟೈಲರ್ ಅಕ್ಕ, ಹೊಲಿಗೆ ಯಂತ್ರ ನಿಲ್ಲಿಸದೆಯೇ. "ಕೆಂಡ ನಾನು ನೋಡ್ಕೋತೀನಿ. ನೀವು ಕುಡಿದು, ಧೈರ್ಯವಾಗಿ ಹೋಗಿ ಬನ್ನಿ ಅಣ್ಣ. ಅತ್ತಿಗೆ ಎಲ್ಲಾ ಹೇಳಿ ಹೋಗಿದ್ದಾರೆ."

ಸಂಜೆ ಬಾಟಲಿ ಎಂದಿನಂತೆ ಖಾಲಿಯಾಗಿ ಮನೆಗೆ ಬಂತು.

"ಎಲ್ಲಾ ಮುಗೀತೇನ್ರೀ?"

"ಹೂಂ. ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು ಕಣೇ," ಎಂದು ಮಾವ ಮುಖ ಸಿಂಡರಿಸಿದರು.

ಅಷ್ಟು ವರ್ಷದ ಸಂಸಾರದಲ್ಲಿ, ತನ್ನ ಕೈರುಚಿಗೆ ಕೊಂಕು ತೆಗೆದದ್ದಕ್ಕೆ ಹೆಂಡತಿ ಅಂದೇ ಮೊದಲು ನಕ್ಕದ್ದು.