ಬಿರುಕಿನ ಗೋಡೆಗೆ ಚಿಕಾಗೋ ಸಾಕ್ಷಿ

ಚಿಕಾಗೋದಲ್ಲಿ ನಾನು ಒಂದೇ ಒಂದು ಶಬ್ದ ಆಡಿದ್ದಕ್ಕೆ ಇಡೀ ಗುಂಪು ನಕ್ಕಿತ್ತು. ಯಾಕೆ ನಕ್ಕರು ಅಂತ ತಿಳಿದದ್ದು ಎರಡು ತಿಂಗಳ ಮೇಲೆ. ಹೋದ ವಾರದ ಸೋಮವಾರ, ಕುಂದಗೋಳದ ಬಾಜೂಕಿನ ನಮ್ಮೂರ ಶಾಲೆಯಲ್ಲಿ.

(ಮಾಸ್ತರರ ತಂಡದೊಂದಿಗೆ ಅಮೆರಿಕದ ಮಿಡ್‌ವೆಸ್ಟ್ ಊರುಗಳನ್ನು, ಗೈಡ್ ಹಿಂದೆ ಕುರಿಗಳ ಹಾಗೆ ಸಾಲುಹಿಡಿದು ನೋಡಿ ಬಂದ ಸುದ್ದಿಯಿಂದ ಈ ಅಂಕಣದಲ್ಲಿ ಈಗಾಗಲೇ ನಿಮ್ಮ ತಲೆ ತಿಂದಿದ್ದೇನೆ. ಕ್ಷಮೆ ಇರಲಿ. ಬರೆದದ್ದರಲ್ಲಿ ಅರ್ಧ ತಪ್ಪು.)

ಸೋಮವಾರ ಮಧ್ಯಾಹ್ನ ಶಾಲಾ ಸಮಿತಿಯ ಮೀಟಿಂಗ್. ಇನ್ನೊಂದು ಕೋಣೆ ಕಟ್ಟಬೇಕು, ಕೆಲಸ ಯಾರಿಗೆ? ಹೋದ ವರ್ಷದ ಕೋಣೆ ಕಟ್ಟಿದ್ದು ನಮ್ಮೂರ ಇಮಾಮಸಾಬ ಗೌಂಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದದ್ದೇ ತಡ, ಗೋಡೆ ಮೂಲೆಯಿಂದ ಕಿಟಕಿಯವರೆಗೆ ಬಿರಿಯಿತು. ಅಂದಿನಿಂದ ಒಂದು ಕಟ್ಟೆ ಕಟ್ಟಲಿಕ್ಕೂ ಆತನನ್ನು ಯಾರೂ ಕರೆದಿಲ್ಲ. ಇದೂ ಕೈತಪ್ಪಿದರೆ ಗಾರೆ ಮೆತ್ತುವ ಥಾಪಿ ಬದಿಗಿಟ್ಟು ಹುಬ್ಬಳ್ಳಿಯಲ್ಲಿ ಹಮಾಲಿ ಮಾಡಬೇಕು.

ಮೀಟಿಂಗಿಗೆ ಮುಂಚೆ ನನ್ನ ಸ್ಲೈಡ್ ಶೋ ಇಟ್ಟಿದ್ದರು. ಅದೇ ಬಿರುಕಿನ ಕೋಣೆಯಲ್ಲಿ. ಕಿಟಕಿಗಳಿಗೆ ಜಮಖಾನೆ ಹೊದಿಸಿ ಕತ್ತಲೆ ಮಾಡಿದೆವು. ಗೋಡೆಯ ಮೇಲೆ ಚಿಕಾಗೋ ಎದ್ದು ನಿಂತಿತು. ನೂರು ಅಂತಸ್ತು! ನಟ್ಟನಡುವೆ ಇಮಾಮಸಾಬನ ಬಿರುಕು.

"ಅಬಾಬಾ! ತುದಿ ನೋಡಾಕ ಹೋದ್ರ ಟೊಪಗಿ ಬೀಳ್ತೈತಲೇ," ಅಂದರು ಹಿಂದಿನಿಂದ ಯಾರೋ.

ಸಮಿತಿ ಅಧ್ಯಕ್ಷ ಚನ್ನಪ್ಪಗೌಡರಿಗೆ ಅಷ್ಟೇ ಸಾಕಾಯಿತು. "ನೋಡ್ಲೇ ಇಮಾಮಾ, ಅವ್ರು ನೂರು ಮಾಳಿಗಿ ಏರ್ಸ್ಯಾರ. ನೀ ಒಂದು ಕಟ್ಟಿ ಸೀಳಿಸಿದಿ."

ಎಲ್ಲರೂ ನಕ್ಕರು. ಇಮಾಮಸಾಬ ನನ್ನ ಕಡೆ ತಿರುಗಿದ. "ಮಾಸ್ತರ, ಬುಡದಾಗ ಯಾವ ಮಣ್ಣೈತ್ರಿ ಅಲ್ಲೆ?"

ಬುಡ? ನನ್ನ ಸ್ಲೈಡುಗಳೆಲ್ಲ ಮುಗಿಲು ನೋಡುತ್ತಿದ್ದವು. ಒಂದಕ್ಕೂ ಬುಡ ಇರಲಿಲ್ಲ.

"ಮೆತ್ತನ್ನ ಜೇಡಿ ಅಂತ ಗೈಡ್ ಅಂದಂಗ ನೆನಪು," ಅಂದೆ.

"ನಮ್ಮ ಎರಿ ಮಣ್ಣಿನಗತೆ?"

"ಹಂಗ ಅನಸ್ತೈತಿ."

ಗೌಡರು ತೊಡೆ ತಟ್ಟಿದರು. "ಮುಗೀತಲ್ಲ! ಮಣ್ಣಿಂದಲ್ಲ ತಪ್ಪು, ಕೈಯಿಂದು. ಹುಬ್ಬಳ್ಳಿ ಕಾಂಟ್ರ್ಯಾಕ್ಟರ್‌ಗೆ ಹೇಳೂಣು."

ನನ್ನ ಬಾಯಿಂದ ಒಬ್ಬನ ಅನ್ನ ಹೋಯಿತಲ್ಲ! ಗಾಬರಿಯಲ್ಲಿ ಮುಂದಿನ ಸ್ಲೈಡ್ ಒತ್ತಿದೆ. ಹಳೆಯ, ಭಾರೀ ಕಲ್ಲಿನ ಥಿಯೇಟರ್ ಒಂದರ ಒಳಾಂಗಣ. ನಮ್ಮ ಗೈಡ್, ಬಿಳಿ ಕೂದಲಿನ ಹೆಂಗಸು, ನಮ್ಮನ್ನು ಅಲ್ಲಿ ಈ ತುದಿಯಿಂದ ಆ ತುದಿಗೆ ನಡೆಸಿ ಕೇಳಿದ್ದಳು: ಏನನ್ನಿಸಿತು? ನಾನು ಎಲ್ಲರಿಗಿಂತ ಮೊದಲು ಕೂಗಿದ್ದೆ: "ಭವ್ಯ!"

ಆಗಲೇ ಅವರು ನಕ್ಕದ್ದು. ಆಕೆಗೆ ಬೇಕಿದ್ದ ಉತ್ತರ ನನಗೆ ಹೊಳೆದದ್ದು ಈಗ: ಇಳಿಜಾರು.

ನೆಲ ವಾಲಿತ್ತು. ನನ್ನ ಕಾಲಿಗೆ ಗೊತ್ತಾಗಿತ್ತು. (ಹೊಸ ಬೂಟಿನ ಮೇಲೆ ಸಂಶಯಪಟ್ಟಿದ್ದೆ.) ಆದರೆ ಆ ನಗುವನ್ನು ನೆನಪಿನಿಂದ ಕಿತ್ತುಹಾಕುವಾಗ ಇಳಿಜಾರನ್ನೂ ಕಿತ್ತು ಬಿಸಾಕಿದ್ದೆ. ಎಷ್ಟು ಜನರಿಗೆ ಆ ಥಿಯೇಟರ್ ವರ್ಣಿಸಿಲ್ಲ! ಒಮ್ಮೆಯಾದರೂ ಅದರ ನೆಲ ವಾಲಿತೇ?

ಈ ಸಲ ನೆನಪನ್ನು ನಂಬಲಿಲ್ಲ. ಗೈಡ್ ಕೊಟ್ಟಿದ್ದ ಪಾಂಪ್ಲೆಟ್ಟನ್ನು ಚೀಲದಿಂದ ತೆಗೆದು, ಪ್ರೊಜೆಕ್ಟರ್ ಬೆಳಕಿನಲ್ಲಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಆ ಊರು ನಿಂತದ್ದು ಹಸಿ ಜೇಡಿಯ ಮೇಲೆ. ಮೊದಮೊದಲು ಕಾಂಕ್ರೀಟಿನಲ್ಲಿ ರೈಲು ಹಳಿಗಳನ್ನು ಅಡ್ಡಡ್ಡ ಹಾಸಿ, ಕಟ್ಟಡಗಳನ್ನು ತೆಪ್ಪದ ಹಾಗೆ ತೇಲಿಸಿದರು. ಥಿಯೇಟರ್ ಹಾಗಿದ್ದೂ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಕುಸಿಯಿತು; ನೆಲ ವಾಲಿದ್ದು ಅದಕ್ಕೇ. ಆಮೇಲೆ ಬಾವಿಯಂಥ ಗುಂಡಿ ತೋಡಿ, ಗಟ್ಟಿ ನೆಲ ಮುಟ್ಟಿ, ಅನಂತರ ಮೇಲೇರಿದರು.

"ಬಾವಿ!" ಇಮಾಮಸಾಬ ಎದ್ದು ನಿಂತ. ಬಿರುಕು ಈಗ ಅವನ ಅಂಗಿಯ ಹಿಂದೆ ಮರೆಯಾಗಿತ್ತು. ಥಿಯೇಟರ್ ಅವನ ಎದೆಯ ಮೇಲಿತ್ತು. "ಗೌಡ್ರ, ಮಳಿಗೆ ಉಬ್ಬಿ ಬ್ಯಾಸಿಗಿಗೆ ಸೀಳೂ ಈ ಎರಿ ದಾಟಿ ಗಟ್ಟಿ ಗರಸು ಹತ್ತೂತನಕ ತೋಡೂಣು ಅಂತ ಹೋದ ವರ್ಷ ಬಡ್ಕೊಂಡೆ. ಮೂರು ಫೂಟ್ ಸಾಕು, ಉಳಿದ ರೊಕ್ಕದಾಗ ಮುಂದ ಕಮಾನು ಕಟ್ಟು ಅಂದ್ರಿ. ಅಲ್ಲೆ ಕುಸಿದದ್ದನ್ನ ಟಿಕೆಟ್ ಹಚ್ಚಿ ತೋರಸ್ತಾರ. ಇಲ್ಲೆ ನನ್ನ ಊರು ಬಿಡಸ್ತೀರಿ."

ಗೌಡರು ಎದ್ದು ಬಂದು ಬಿರುಕಿನ ಬುಡದ ನೆಲವನ್ನು ಕಾಲಿನಿಂದ ಒತ್ತಿ ನೋಡಿದರು.

"ಆತ್ ತಗೋಪಾ," ಅಂದರು ಗೌಡರು ಕಡೆಗೆ. "ಗರಸಿನ ತನಕಾನ ತೋಡು. ಕಮಾನು?"

"ಈ ಸಲ ಕಮಾನಿಲ್ರಿ."

"ಮತ್ತ ಜನಕ್ಕ ನೋಡಾಕ ಏನುಳೀತಲೇ?"

"ಏನೂ ಇಲ್ರಿ."

ನಿನ್ನೆ ಹೋಗಿದ್ದೆ. ಬುನಾದಿ ತೋಡಿ ಮುಗಿದಿದೆ. ಅಂಚಿನಲ್ಲಿ ನಿಂತು ಬಗ್ಗಿದರೆ ಇಮಾಮಸಾಬನ ರುಮಾಲು ನನ್ನ ಪಾದಕ್ಕಿಂತ ಕೆಳಗೆ. ಮೊದಲು ಕರಿ ಎರಿ, ಅಂಗೈ ಹೋಗುವಷ್ಟು ಸೀಳುಗಳು. ಅದರ ಕೆಳಗೆ ಬೂದು ಮಣ್ಣು. ಅದರ ಕೆಳಗೆ ಕೆಂಪು ಹಳದಿ ಗರಸು, ನೀರು ಕಾಣದೆ ಯಾವ ಕಾಲದಿಂದ ಹಾಗೇ ಕೂತದ್ದೋ. ಆತ ಅದರ ಮೇಲೆ ಹಿಮ್ಮಡಿಯಿಂದ ಒಮ್ಮೆ ಗುದ್ದಿದ. "ಕೇಳ್ರಿ," ಅಂದ. ಧಪ್ಪೆನ್ನಲಿಲ್ಲ, ಖಣ್ ಅಂದಿತು. ನನ್ನ ಮೈಮೇಲೆ ಮುಳ್ಳೆದ್ದವು. ನೂರು ಅಂತಸ್ತಿನ ಕೆಳಗೆ ಕತ್ತು ನೋಯಿಸಿಕೊಂಡು ನಿಂತಾಗಲೂ ಹೀಗಾಗಿರಲಿಲ್ಲ. (ಅಥವಾ ಆಗಿತ್ತೋ. ಯಾರು ಬಲ್ಲರು?)

ಈ ವಾರ ಅದನ್ನೆಲ್ಲ ಕಲ್ಲು, ಗಚ್ಚು ಹಾಕಿ ಮುಚ್ಚುತ್ತಾರೆ. ಕೋಣೆ ಎದ್ದ ಮೇಲೆ ರಿಬ್ಬನ್ ಕತ್ತರಿಸಲು ಬರುವ ಸಾಹೇಬರು "ಇದರಲ್ಲಿ ನೋಡುವಂಥದ್ದು ಏನಿದೆ?" ಅಂತ ಕೇಳಿದರೆ, ನಾವು ಬೆರಳು ಎತ್ತ ತೋರಿಸೋಣ?