ಬಲಗಾಲು ಎಲ್ಲಿದೆ ಎಂಬ ವಿಚಾರ

ತನ್ನನ್ನು ತಾನು ಅರಿಯುವುದೇ ಮನುಷ್ಯಜನ್ಮದ ಪರಮ ಗುರಿ ಎಂದು ಹಿರಿಯರು ಹೇಳಿದ್ದಾರೆ. ಅವರಲ್ಲಿ ಯಾರೂ ಕಾಪುವಿನಿಂದ ಕಾರ್ಕಳಕ್ಕೆ ಖಾಸಗಿ ಬಸ್ಸು ಹತ್ತಿದವರಲ್ಲ.

ಕಳೆದ ವರ್ಷ ನನ್ನ ಬಲಪಾದದ ಗಂಟು ಉಳುಕಿತ್ತು. ಊತ ಇಳಿದ ಮೇಲೆ ಮಣಿಪಾಲದ ಫಿಸಿಯೋಥೆರಪಿಸ್ಟ್ ನನ್ನ ಕಣ್ಣು ಮುಚ್ಚಿಸಿ, ಪಾದವನ್ನು ಹಿಡಿದು ತಿರುಗಿಸಿ, "ಹೇಳಿ ಸರ್, ಪಾದ ಈಗ ಯಾವ ಕಡೆಗೆ ಉಂಟು?" ಎಂದು ಕೇಳಿದರು. ಎಡಕ್ಕೆ ಎಂದೆ. ಬಲಕ್ಕಿತ್ತು. ಐವತ್ತೆಂಟು ವರ್ಷ ಜೊತೆಗಿದ್ದ ಕಾಲಿನ ವಿಳಾಸ ನನಗೇ ತಿಳಿದಿರಲಿಲ್ಲ.

"ದಿನಾ ಹತ್ತು ನಿಮಿಷ ಅದರ ಮೇಲೆ ಗಮನ ಇಡಿ" ಎಂದರು. ನಾನು ಕಾರ್ಕಳದ ಶಾಲೆಯಲ್ಲಿ ಮಾಸ್ತರ, ಹೋಮ್‌ವರ್ಕನ್ನು ಇಡೀ ದಿನ ಮಾಡಿದೆ.

ಫಲವಾಗಿ ಮನೆಯೊಳಗೆ ಕಾಲು ಸರಿಯಾಯಿತು, ಬಸ್ಸಿನ ಮೆಟ್ಟಿಲಲ್ಲಿ ಕೆಟ್ಟಿತು. ನಮ್ಮ ಬಸ್ಸುಗಳು ನಿಲ್ಲುವುದಿಲ್ಲ, ನಿಂತಂತೆ ಮಾಡುತ್ತವೆ, ಅಷ್ಟರಲ್ಲಿ ಹತ್ತಬೇಕು. ಮೂವತ್ತು ವರ್ಷ ಹಾಗೆಯೇ ಹತ್ತಿದ್ದೆ. ಈಗ ಹಿಮ್ಮಡಿ ಎಷ್ಟು ಎತ್ತರದಲ್ಲಿದೆ ಎಂದು ವಿಚಾರಣೆ ಮುಗಿಸುವಷ್ಟರಲ್ಲಿ ಮೆಟ್ಟಿಲು ಮುಂದೆ ಹೋಗಿರುತ್ತಿತ್ತು. ಎರಡು ಸಲ ಎಡವಿದೆ. ಎರಡನೆಯ ಸಲ ಕಂಡಕ್ಟರನ ಪಾದದ ಮೇಲೆ ಇಳಿದೆ.

"ಎಂತ ಮಾಸ್ಟ್ರೇ, ನನ್ನ ಕಾಲು ಎಲ್ಲುಂಟು ಅಂತ ನನಗೂ ಗೊತ್ತಾಯ್ತು!" ಎಂದ.

ಸುದ್ದಿ ಮನೆಗೆ ಮುಟ್ಟಿತು. "ಇನ್ನೊಮ್ಮೆ ಎಡವಿದರೆ ನಿವೃತ್ತಿಯವರೆಗೂ ಅಣ್ಣನ ಕಾರು" ಎಂದಳು ಹೆಂಡತಿ. ಭಾವನಿಗೆ ಕಾರ್ಕಳದಲ್ಲಿ ಕಲ್ಲುಕೋರೆ ಉಂಟು, ದಿನವೂ ಕಾರಿನಲ್ಲಿ ಹೋಗಿಬರುತ್ತಾರೆ. ಹೋಗುವಾಗ ಕೋರೆಯ ಕಲ್ಲಿನ ವಿಷಯ, ಬರುವಾಗ ತಮ್ಮ ಮೂತ್ರಪಿಂಡದ ಕಲ್ಲಿನ ವಿಷಯ. ಬಸ್ಸಿನ ಕಿಟಕಿ ಪಕ್ಕದ ಸೀಟು, ಯಾರೂ ಮಾತಾಡಿಸದ ಒಂದು ಗಂಟೆ, ಎಲ್ಲವೂ ಹೋಗುವುದರಲ್ಲಿತ್ತು.

ಸೋಮವಾರ ಹೆಂಡತಿ ಪರೀಕ್ಷಾ ಮೇಲ್ವಿಚಾರಕಿಯಂತೆ ಬಸ್ ನಿಲ್ದಾಣಕ್ಕೆ ಬಂದು ನಿಂತಳು. ನಾನು ಪಾದವನ್ನೇ ನೋಡುತ್ತಿದ್ದೆ. ದಿನವೂ ಬಸ್ಸಿನಲ್ಲಿ ಹೂ ಕಳಿಸುವ ಹೆಂಗಸು ಒದ್ದೆ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಕಟ್ಟೊಂದನ್ನು ನನ್ನ ಕೈಗೆ ತುರುಕಿದಳು.

"ಹಿಡಿಯಿರಿ ಮಾರಾಯ್ರೇ, ಕಾರ್ಕಳದಲ್ಲಿ ನನ್ನ ತಂಗಿ ಬಂದು ತಗೊಳ್ತಾಳೆ. ಅಡ್ಡ ಮಾಡ್ಬೇಡಿ, ನೀರು ಸೋರ್ತದೆ, ಮದುವೆಯ ಹೂ. ಬಾಡಿದ್ರೆ ಮದುಮಗಳ ಅಮ್ಮ ನನ್ನನ್ನು ಬಿಡ್ಲಿಕ್ಕಿಲ್ಲ."

ಬಸ್ಸು ಬಂತು. ಕಟ್ಟು ವಾಲುತ್ತಿತ್ತು, ನೀರು ಅಂಗಿಯ ತೋಳಿಗೆ ಇಳಿಯುತ್ತಿತ್ತು. ಅದನ್ನು ನೆಟ್ಟಗೆ ಹಿಡಿಯುವುದರಲ್ಲೇ ಇದ್ದೆ. ಆಮೇಲೆ ನೋಡಿದರೆ ಸೀಟಿನಲ್ಲಿ ಕೂತಿದ್ದೇನೆ. ಯಾವ ಕಾಲು ಮೊದಲು ಇಟ್ಟೆ ಎಂದು ಈಗಲೂ ಹೇಳಲಾರೆ.

ಹೆಂಡತಿ ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿ, ಕಾರು ಬೇಡ ಎಂದಳು.