ಮೌಸ್ ಇಲ್ಲದೆ ಮಾಡಿದ ಅಣ್ಣನ ಬ್ಯಾನರ್

ಚಿಕ್ಕೋಡಿಯ ಬಸ್ ನಿಲ್ದಾಣದ ಹತ್ತಿರ ಒಂದು ಬ್ಯಾನರ್ ಅಂಗಡಿಯಲ್ಲಿ ನಾನು ಡಿಸೈನ್ ಕೆಲಸ ಮಾಡುತ್ತೇನೆ. ಹುಟ್ಟುಹಬ್ಬ, ಮನೆಯ ವಾಸ್ತುಶಾಂತಿ, ಚುನಾವಣೆ, ಶ್ರದ್ಧಾಂಜಲಿ. ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಇದೇ ಕೆಲಸ. ಹೋದ ವರ್ಷ ಕಬ್ಬು ಕಡಿಯುವ ಹಂಗಾಮು ಶುರುವಾಗುವ ಹೊತ್ತಿಗೆ ಬಲಗೈಯ ಬೆರಳುಗಳು ಜೋಮು ಹಿಡಿಯತೊಡಗಿದವು. ಮೊದಲು ಬೆಳಿಗ್ಗೆ ಎದ್ದಾಗ ಮಾತ್ರ. ಆಮೇಲೆ ರೊಟ್ಟಿ ಬಡಿಯುವಾಗಲೂ. ಕೊನೆಗೆ ಚಹಾದ ಕಪ್ ಕೈಯಲ್ಲಿ ಇದೆಯೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಾಯಿತು.

ನಿಪ್ಪಾಣಿಯ ಡಾಕ್ಟರು ನನ್ನ ಮಣಿಕಟ್ಟನ್ನು ಮಡಿಸಿ ಹಿಡಿದು ಕೇಳಿದರು. “ದಿನಾ ಏನ್ ಕೆಲಸ ಮಾಡ್ತೀರಿ?”

“ಕಂಪ್ಯೂಟರ್ರಿ. ದಿನಾ ಪೂರ್ತಿ ಮೌಸ್ ಕೈಯಾಗ ಇರತೈತ್ರಿ.”

“ಒಳಗ ನರ ಒತ್ತಾಕತ್ತೈತಿ. ಮೌಸ್ ಬಿಡ್ರಿ. ಇಲ್ಲಾಂದ್ರ ಮುಂದ ಆಪರೇಷನ್ ಮಾಡಬೇಕಾಗತೈತಿ.”

ಮೌಸನ್ನು ಎಡಗೈಗೆ ಕೊಟ್ಟು ನೋಡಿದೆ. ಕೆಲವು ವಾರಗಳಲ್ಲಿ ಅದೂ ನೋಯತೊಡಗಿತು. ಆಗ ಮೌಸನ್ನು ತೆಗೆದು ಡ್ರಾಯರಿನಲ್ಲಿಟ್ಟು ಬರೀ ಕೀಬೋರ್ಡಿನಲ್ಲಿ ಕೆಲಸ ಕಲಿಯಲು ಕುಳಿತೆ. ಟ್ಯಾಬ್ ಒತ್ತಿದರೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ಅಲ್ಲಿಂದ ಫೋಟೊಕ್ಕೆ ಹೋಗಬಹುದು. ಬಾಣದ ಗುರುತಿನ ಕೀ ಒತ್ತಿದರೆ ಫೋಟೊ ಕೂದಲೆಳೆಯಷ್ಟು ಸರಿಯುತ್ತದೆ. ಪಿ ಒತ್ತಿದರೆ ಹಾಳೆಯ ನಡುವೆ ಬಂದು ನಿಲ್ಲುತ್ತದೆ. ಮೊದಲಿಗಿಂತ ನಿಧಾನವಾಯಿತು, ಆದರೆ ಕೆಲಸ ನಡೆಯಿತು. ಒಂದು ಮಾತ್ರ ಆಗುತ್ತಿರಲಿಲ್ಲ. ಫೋಟೊದಲ್ಲಿರುವ ಮನುಷ್ಯನ ಅಂಚಿನ ಗುಂಟ ಗೆರೆ ಎಳೆದು ಹಿಂದಿನದನ್ನೆಲ್ಲ ಕತ್ತರಿಸಬೇಕಲ್ಲ, ಅದಕ್ಕೆ ಮೌಸ್ ಬೇಕೇ ಬೇಕು. ಅದನ್ನು ನಮ್ಮ ಮಾಲಕರು ಮಾಡಿಕೊಡುತ್ತಿದ್ದರು. ನನಗಿಂತ ಚಿಕ್ಕವರು, ಒಳ್ಳೆಯವರು. ಒಮ್ಮೆಯೂ ಮುಖ ಕೆಡಿಸಿಕೊಳ್ಳಲಿಲ್ಲ.

ಅದೇ ಹಂಗಾಮಿನಲ್ಲಿ ನನ್ನ ಅಣ್ಣ ತೀರಿಕೊಂಡ. ಅವನು ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಗಿದ್ದ. ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತ ನಳದ ಹತ್ತಿರವೇ ಕುಸಿದನಂತೆ. ಸಂಜೆ ನನ್ನ ತವರೂರು ಕಬ್ಬೂರಿನಲ್ಲಿ ಮಣ್ಣು ಮಾಡಿದರು. ಎಲ್ಲರೂ ಅತ್ತರು. ನಾನು ಅಳಲಿಲ್ಲ. ನೀರು ತಂದುಕೊಟ್ಟೆ, ಚಾಪೆ ಹಾಸಿದೆ, ಯಾರೋ ಕೇಳಿದ ಫೋನ್ ನಂಬರು ಹುಡುಕಿಕೊಟ್ಟೆ.

ಮರುದಿನ ಬೆಳಿಗ್ಗೆ ವೈನಿ, ಅಣ್ಣನ ಹೆಂಡತಿ, ನನ್ನ ಹತ್ತಿರ ಬಂದು ಕುಳಿತರು. “ಕ್ರಾಸಿನಾಗ ಬ್ಯಾನರ್ ಹಾಕೂಣು ಅನ್ನಾಕತ್ತಾರ. ನೀನ ಮಾಡು ತಂಗಿ. ಬ್ಯಾರೇದವ್ರ ಕೈಲೆ ಬ್ಯಾಡ” ಅಂದರು. ಮೊಬೈಲಿನಲ್ಲಿದ್ದ ಒಂದು ಫೋಟೊ ಕೊಟ್ಟರು. ಯಾರದೋ ಮದುವೆಯದು. ಅಣ್ಣ ನಗುತ್ತಿದ್ದ. ಅವನ ಭುಜದ ಮೇಲೆ ಪಕ್ಕದಲ್ಲಿದ್ದವರ ಕೈಯಿತ್ತು.

ಊರಿನ ಇಬ್ಬರು ನನ್ನ ಜೊತೆಗೇ ಅಂಗಡಿಗೆ ಬಂದು ಬ್ಯಾನರಿಗಾಗಿ ಬಾಗಿಲಲ್ಲಿ ಕುಳಿತರು. ಮಾಲಕರು ಶಾಯಿ ತರಲು ಅಥಣಿಗೆ ಹೋಗಿದ್ದರು. ಫೋನ್ ಮಾಡಿದೆ.

“ಅಕ್ಕಾರ, ನಾ ಬರೂತನಕ ತಡೀರಿ. ಫೋಟೊ ನಾ ಕಟ್ ಮಾಡಿ ಕೊಡ್ತೀನಿ. ನೀವ್ಯಾಕ ಇವತ್ತ ಬಂದ್ರಿ?”

“ಮಂದಿ ಬಂದ್ ಕುಂತಾರ್ರಿ. ಹಂಗ ಮಾಡಿ ಕೊಡ್ತೀನಿ.”

ದಿನವೂ ಬಳಸುವ ಶ್ರದ್ಧಾಂಜಲಿಯ ನಮೂನೆ ತೆರೆದೆ. ಅದರಲ್ಲಿ ‘ದಿವಂಗತ’ ಅಂತ ಇತ್ತು. ನಮ್ಮಂಥ ಬೌದ್ಧ ಮನೆಗಳಲ್ಲಿ ‘ಕಾಲಕಥಿತ’ ಎಂದು ಬರೆಯುತ್ತಾರೆ, ಅದನ್ನು ಬದಲಿಸಿದೆ. ಮೇಲೆ ಬುದ್ಧನ ಚಿತ್ರ ತಂದು ಕೂರಿಸಿದೆ. ಟ್ಯಾಬ್ ಒತ್ತುತ್ತ ಒತ್ತುತ್ತ ಅಣ್ಣನ ಫೋಟೊಕ್ಕೆ ಬಂದೆ. ಬಾಣದ ಕೀ ಒತ್ತಿ ಎಡಕ್ಕೆ ಸರಿಸಿದೆ, ಸ್ವಲ್ಪ ಮೇಲೆ ತಂದೆ. ಭುಜದ ಮೇಲಿನ ಕೈಯನ್ನು ಚೌಕಟ್ಟಿನ ಹೊರಗೆ ಹಾಕಲು ನೋಡಿದರೆ ಅಣ್ಣನ ಕಿವಿ ಹೋಗುತ್ತಿತ್ತು. ಡ್ರಾಯರು ತೆರೆದು ಮೌಸ್ ತೆಗೆದು ಹಿಡಿದೆ. ಬೆರಳಿಗೆ ಅದು ತಾಕಿದ್ದೇ ತಿಳಿಯಲಿಲ್ಲ. ಗೆರೆ ಅಣ್ಣನ ಕೆನ್ನೆಯ ಮೇಲೆ ಅಡ್ಡ ಹೋಯಿತು. ಅಳಿಸಿ, ಮೌಸನ್ನು ಮತ್ತೆ ಒಳಗಿಟ್ಟೆ. ಆ ಕೈಯನ್ನು ಇದ್ದ ಹಾಗೆಯೇ ಬಿಟ್ಟು ಮಷೀನಿಗೆ ಕಳಿಸಿದೆ. ಆಗಲೂ ಅಳು ಬರಲಿಲ್ಲ. ಬಣ್ಣ ಸ್ವಲ್ಪ ಕೆಂಪಾಯಿತೇನೋ ಅಂತ ಮಾತ್ರ ಅನಿಸಿತು.

ತೀರಿಕೊಂಡವರ ಹೆಸರಿನಲ್ಲಿ ಬುದ್ಧವಂದನೆ ಮಾಡಿ ಊಟ ಹಾಕುವ ಪುಣ್ಯಾನುಮೋದನದ ದಿನ ಆ ಬ್ಯಾನರನ್ನು ಕ್ರಾಸಿನಿಂದ ತಂದು ಮನೆಯ ಮುಂದಿನ ಪೆಂಡಾಲಿಗೆ ಕಟ್ಟಿದ್ದರು. ನಮ್ಮ ಕಾಕಾ ಅದನ್ನು ಬಹಳ ಹೊತ್ತು ನೋಡಿದರು.

“ಯಾರದೋ ಕೈ ಉಳದೈತಲ್ಲ ಇದರಾಗ. ಬದುಕಿದವ್ರ ಕೈನ ಸತ್ತವ್ರ ಫೋಟೊದಾಗ ಹಾಕ್ತಾರೇನು? ಇಷ್ಟ ವರ್ಷ ಅದ ಕೆಲಸ ಮಾಡಿ ಇದ್ ತಿಳೀಲಿಲ್ಲೇನ್ ನಿನಗ?”

ನಾನು ಬ್ಯಾನರಿನ ಸಡಿಲಾದ ಮೂಲೆಯ ಹಗ್ಗ ಬಿಗಿದೆ.

ಊಟಕ್ಕೆ ಕುಳಿತವರಲ್ಲಿ ಒಬ್ಬರು ಎದ್ದು ಬಂದರು. ಅಣ್ಣನ ಜೊತೆ ಒಂದೇ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದವರು, ರಾಯಬಾಗದ ಕಡೆಯವರು.

“ಆ ಕೈ ನಂದ್ರಿ” ಅಂದರು. ಅಂಗಿಯ ತೋಳು ಏರಿಸಿ ತೋರಿಸಿದರು. ಬ್ಯಾನರಿನಲ್ಲಿದ್ದ ಕೈಗಡಿಯಾರವೇ ಅವರ ಕೈಯಲ್ಲಿತ್ತು. “ನನ್ನ ಮಗಳ ಮದವ್ಯಾಗ ತಗದದ್ದು. ಅವತ್ತ ಊಟಾ ಬಡಸಾಕ ನಿಂತಾಂವ ಸಂಜೀತನಕ ಕುಂದರಲಿಲ್ಲ ಅಂವ. ಇರ್ಲಿ ಬಿಡ್ರಿ ಕಾಕಾ. ನನಗೇನೂ ಆಗೂದಿಲ್ಲ.”

ಆಮೇಲೆ ನನ್ನ ಕಡೆ ತಿರುಗಿ, “ಚಲೋ ಮಾಡೀರಿ” ಅಂದರು. ನಾನು ಬೇಕೆಂದೇ ಬಿಟ್ಟಿದ್ದೇನೆ ಎಂದುಕೊಂಡಿದ್ದರು. ತಲೆಯಾಡಿಸಿದೆ. ಕಾಕಾ ಊಟಕ್ಕೆ ಹೋದರು.

ಕೈಗೆ ಆಪರೇಷನ್ ಬೇಕಾಗಲಿಲ್ಲ. ಪಟ್ಟಿ ಕಟ್ಟಿಕೊಂಡು ಮಲಗುತ್ತೇನೆ. ಜೋಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮೌಸನ್ನು ಮತ್ತೆ ಮುಟ್ಟಿಲ್ಲ. ಹೊಸ ಗಿರಾಕಿಗಳು ಕೀಬೋರ್ಡಿನ ಮೇಲೆ ಓಡುವ ನನ್ನ ಬೆರಳು ನೋಡುತ್ತ ನಿಲ್ಲುತ್ತಾರೆ. ಈಗ ಅದೂ ರೂಢಿಯಾಗಿದೆ.

ಮಳೆಗಾಲದಲ್ಲಿ ಒಮ್ಮೆ ಕಬ್ಬೂರಿಗೆ ಹೋಗಿದ್ದೆ. ವೈನಿ ಹಿತ್ತಿಲಲ್ಲಿ ಆಡುಗಳಿಗೆ ಮೇವು ಹಾಕುತ್ತಿದ್ದರು. ಸೋರುವ ಚಪ್ಪರದ ಮೇಲೆ ಅದೇ ಬ್ಯಾನರು ಹೊದಿಸಿದ್ದರು, ಚಿತ್ರ ಒಳಗಡೆಗೆ ಬರುವ ಹಾಗೆ.

“ಮ್ಯಾಲ ಮಾಡಿ ಹಾಕಿದ್ರ ಬಿಸಲಿಗಿ ಮುಖ ಹೋಗತೈತಿ” ಅಂದರು. “ಒಳಗ ಬಾ, ತೊಯ್ಯಾಕತ್ತಿ.”

ಒಳಗೆ ಹೋಗಿ ಆಡುಗಳ ನಡುವೆ ನಿಂತೆ. ವೈನಿ ಇನ್ನೊಂದು ಸಿವುಡು ಮೇವು ಬಿಚ್ಚಿದರು. ಮಳೆ ನಿಲ್ಲುವವರೆಗೆ ಅಲ್ಲಿಯೇ ಇದ್ದೆವು.